ಕಡೆಯ ಪೈಸೆ ಯಾರ ಪಾಲಿಗೆ? ಸ್ಮಾರ್ಟ್ ಕಾಂಟ್ರಾಕ್ಟ್‌ಗಳ ದಶಮಾಂಶ ಲೆಕ್ಕದ ಒಳಹೊರಗು

2025ರ ನವೆಂಬರ್ 3ರಂದು ಬ್ಯಾಲೆನ್ಸರ್ ಎಂಬ ಕ್ರಿಪ್ಟೋ ವಿನಿಮಯ ವ್ಯವಸ್ಥೆಯಿಂದ 12 ಕೋಟಿ ಡಾಲರಿಗೂ ಮಿಗಿಲಾದ ಮೌಲ್ಯದ ಆಸ್ತಿ ಹೊರಹರಿದು ಹೋಯಿತು. ಯಾರ ಗುಪ್ತಪದವೂ ಕಳುವಾಗಿರಲಿಲ್ಲ, ಯಾರ ಸಹಿಯೂ ನಕಲಾಗಿರಲಿಲ್ಲ. ಗುಣಾಕಾರವೊಂದರ ಉತ್ತರದಲ್ಲಿ ಮಿಕ್ಕ ಚೂರುಪಾರು ಶೇಷವನ್ನು ಕೈಬಿಡುವಾಗ ಆ ನಷ್ಟ ಗಿರಾಕಿಗೆ ತಟ್ಟಬೇಕೋ, ಠೇವಣಿ ನಿಧಿಗೆ ತಟ್ಟಬೇಕೋ ಎಂಬ ಒಂದು ತೀರ್ಮಾನ ತಂತ್ರಾಂಶದಲ್ಲಿ ತಪ್ಪಾಗಿತ್ತು. ಒಂದು ಬಾರಿಗೆ ಆಗುತ್ತಿದ್ದ ನಷ್ಟ ಕಣ್ಣಿಗೆ ಕಾಣದಷ್ಟು ಅಲ್ಪ. ಅದನ್ನೇ ಮತ್ತೆ ಮತ್ತೆ ಮಾಡಿಸಿ ದಾಳಿಕೋರ ರಾಶಿ ಹಾಕಿಕೊಂಡ.

ಇಂಥ ಲೆಕ್ಕಗಳನ್ನು ಮಾಡಿಕೊಡುವ ಸಿದ್ಧ ತಂತ್ರಾಂಶದ ಕಟ್ಟಿಗೆ ಗಣಿತ ಲೈಬ್ರರಿ ಎಂದು ಹೆಸರು. ಅದನ್ನು ಚಿಕ್ಕದಾಗಿಸುವುದು, ವೇಗಗೊಳಿಸುವುದು, ಖರ್ಚು ತಗ್ಗಿಸುವುದು ಕಳೆದ ಒಂದು ದಶಕದಿಂದ ಎಂಜಿನಿಯರುಗಳ ಒಂದು ಬಗೆಯ ಪಂದ್ಯವೇ ಆಗಿದೆ. ಆ ಪಂದ್ಯದಲ್ಲಿ ಗೆಲ್ಲುವುದು ಕೆಲವೇ ಸೆಂಟು, ಸೋಲುವುದು ಕೋಟಿಗಳಲ್ಲಿ. ಎಲ್ಲಿ ಉಳಿತಾಯ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದೇ ಇಲ್ಲಿನ ಪ್ರಶ್ನೆ.

ನಯಾ ಪೈಸೆಯ ಕಾಲದ ಲೆಕ್ಕ

ಹಿರಿಯ ಓದುಗರಿಗೆ ಈ ಸಮಸ್ಯೆ ಹೊಸದಲ್ಲ. 1957ರ ಏಪ್ರಿಲ್ 1ರಂದು ನಮ್ಮ ದೇಶ ದಶಮಾಂಶ ನಾಣ್ಯ ಪದ್ಧತಿಗೆ ಕಾಲಿಟ್ಟಿತು. ಅದುವರೆಗೆ ರೂಪಾಯಿಗೆ 16 ಆಣೆ. ಅಂದಿನಿಂದ 100 ನಯಾ ಪೈಸೆ. ಲೆಕ್ಕದ ಪ್ರಕಾರ ಒಂದಾಣೆಗೆ ಆರೂಕಾಲು ನಯಾ ಪೈಸೆ ಆಗಬೇಕು. ಆದರೆ ಕಾಲು ನಯಾ ಪೈಸೆಯ ನಾಣ್ಯವಿರಲಿಲ್ಲ. ಹೀಗಾಗಿ ಪರಿವರ್ತನೆಯ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾ ಪೈಸೆ ಎಂದು ನಿಗದಿಯಾಯಿತು.

ಈಗ ಲೆಕ್ಕ ಹಾಕಿ ನೋಡಿ. ಒಂದಾಣೆಯ ಸಾಮಾನನ್ನು 16 ಬಾರಿ ಬಿಡಿಬಿಡಿಯಾಗಿ ಕೊಂಡವನು ಕೊಡಬೇಕಾದುದು 96 ನಯಾ ಪೈಸೆ. ಒಟ್ಟಿಗೆ ಕೊಂಡವನು ಕೊಡಬೇಕಾದುದು 100. ಅಂಗಡಿಯವನಿಗೆ ನಾಲ್ಕು ಪೈಸೆ ಖೋತಾ. ಇದರಿಂದ ಯಾವ ಅಂಗಡಿಯೂ ಮುಳುಗುವುದಿಲ್ಲ, ಏಕೆಂದರೆ ಒಂದಾಣೆಯ ಸಾಮಾನನ್ನು ದಿನಕ್ಕೆ ಲಕ್ಷ ಬಾರಿ ಕೊಳ್ಳುವ ವ್ಯವಧಾನ ಮನುಷ್ಯರಿಗಿಲ್ಲ. ಗಣಕಕ್ಕೆ ಇದೆ.

ಗಣಕಯುಗದಲ್ಲಿ ಇದರ ಮೊದಲ ಪ್ರಸಿದ್ಧ ಪಾಠ ಸಿಕ್ಕಿದ್ದು ಕೆನಡಾದ ವ್ಯಾಂಕೂವರ್ ಷೇರುಪೇಟೆಯಲ್ಲಿ. 1982ರ ಜನವರಿಯಲ್ಲಿ 1000 ಅಂಕಗಳಿಂದ ಆರಂಭವಾದ ಅಲ್ಲಿನ ಸೂಚ್ಯಂಕವನ್ನು ದಿನಕ್ಕೆ ಸಾವಿರಾರು ಬಾರಿ ಹೊಸದಾಗಿ ಲೆಕ್ಕ ಹಾಕಲಾಗುತ್ತಿತ್ತು. ಪ್ರತಿ ಸಲವೂ ಮೂರು ದಶಮಾಂಶ ಸ್ಥಾನಗಳಾಚೆಯ ಅಂಕಿಗಳನ್ನು ಕತ್ತರಿಸಿ ಎಸೆಯಲಾಗುತ್ತಿತ್ತು. ಷೇರುಗಳು ಏರುತ್ತಿದ್ದರೂ 1983ರ ನವೆಂಬರ್ ವೇಳೆಗೆ ಸೂಚ್ಯಂಕ 520ರ ಆಸುಪಾಸಿಗೆ ಕುಸಿದಿತ್ತು. ಸರಿಪಡಿಸಿದಾಗ ಅದು 1098ಕ್ಕೆ ಜಿಗಿಯಿತು.

ದಶಮಾಂಶವೇ ಇಲ್ಲದ ಯಂತ್ರ

ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ಹಣವನ್ನು ತನ್ನಲ್ಲೇ ಇರಿಸಿಕೊಂಡು, ಬರೆದಿಟ್ಟ ನಿಯಮದಂತೆ ತಾನೇ ಹಂಚುವ ತಂತ್ರಾಂಶ. 2015ರ ಜುಲೈ 30ರಂದು ಆರಂಭವಾದ ಇಥೀರಿಯಂ ಜಾಲದಲ್ಲಿ ಇಂಥ ತಂತ್ರಾಂಶವನ್ನು ಒಂದು ಗಣಕವಲ್ಲ, ಜಗತ್ತಿನಾದ್ಯಂತ ಸಾವಿರಾರು ಗಣಕಗಳು ನಡೆಸುತ್ತವೆ. ಎಲ್ಲವಕ್ಕೂ ಒಂದೇ ಉತ್ತರ ಬರಬೇಕು. ಸಾಮಾನ್ಯ ಗಣಕಗಳು ದಶಮಾಂಶ ಸಂಖ್ಯೆಗಳನ್ನು ನಿಭಾಯಿಸುವ ಕ್ರಮದಲ್ಲಿ ಕೊನೆಯ ಅಂಕಿಗಳು ಅತ್ತಿತ್ತ ಆಗುವ ಸಂಭವವಿರುತ್ತದೆ. ಆದ್ದರಿಂದ ಇಥೀರಿಯಂ ಯಂತ್ರದಲ್ಲಿ ದಶಮಾಂಶ ಬಿಂದುವೇ ಇಲ್ಲ. ಅಲ್ಲಿರುವುದು ಪೂರ್ಣಾಂಕ ಮಾತ್ರ. ಆದರೆ ಅದು ಬಹು ದೊಡ್ಡ ಪೂರ್ಣಾಂಕ: 256 ಬಿಟ್‌ಗಳದು, ಅಂದರೆ 78 ಅಂಕಿಗಳವರೆಗಿನದು.

ರೂಪಾಯಿಯ ಬದಲು ಪೈಸೆಯಲ್ಲೇ ಲೆಕ್ಕ ಬರೆದರೆ ಬಿಂದುವಿನ ಗೊಡವೆ ಇಲ್ಲವಷ್ಟೆ. ಇಥೀರಿಯಂ ಮಾಡಿದ್ದೂ ಅದನ್ನೇ. ಒಂದು ಈಥರ್‌ಗೆ 1ರ ಮುಂದೆ 18 ಸೊನ್ನೆ ಬರೆದಷ್ಟು ‘ವೇ’ಗಳು, ವೇ ಎಂಬುದೇ ಅಲ್ಲಿಯ ಅತಿ ಸಣ್ಣ ಕಾಸು. ಒಂದೂವರೆ ಈಥರ್ ಎಂಬುದನ್ನು ಯಂತ್ರ 15ರ ಮುಂದೆ 17 ಸೊನ್ನೆಗಳಾಗಿ ಬರೆದುಕೊಳ್ಳುತ್ತದೆ.

ಕೂಡುವುದಕ್ಕೂ ಕಳೆಯುವುದಕ್ಕೂ ತೊಂದರೆಯಿಲ್ಲ. ಗುಣಿಸಿದಾಗ ಪೇಚು. 18 ಸೊನ್ನೆಗಳ ಎರಡು ಸಂಖ್ಯೆಗಳನ್ನು ಗುಣಿಸಿದರೆ ಉತ್ತರಕ್ಕೆ 36 ಸೊನ್ನೆ ಅಂಟಿಕೊಳ್ಳುತ್ತವೆ. ಆಮೇಲೆ 18 ಸೊನ್ನೆಗಳಷ್ಟು ಭಾಗಿಸಿ ಅಳತೆಗೆ ತರಬೇಕು. ಭಾಗಾಕಾರದಲ್ಲಿ ಶೇಷ ಉಳಿದರೆ ಯಂತ್ರ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ದಶಮಾಂಶ ಗಣಿತ ಲೈಬ್ರರಿಯ ಕೆಲಸ ಇಲ್ಲೇ ಇರುವುದು. ಮೇಕರ್ ಎಂಬ ಸಾಲ ವ್ಯವಸ್ಥೆಗೆ ಆಧಾರವಾದ ಡಿಎಸ್-ಮ್ಯಾತ್ ಲೈಬ್ರರಿ 18 ಸ್ಥಾನಗಳ ಸಂಖ್ಯೆಗೆ ‘ವಾಡ್’ ಎಂದೂ 27 ಸ್ಥಾನಗಳದಕ್ಕೆ ‘ರೇ’ ಎಂದೂ ಹೆಸರಿಟ್ಟಿತು. ಭಾಗಿಸುವ ಮೊದಲು ಭಾಜಕದ ಅರ್ಧವನ್ನು ಕೂಡಿಸಿ, ಅರ್ಧಕ್ಕಿಂತ ಕಡಿಮೆಯಾದುದನ್ನು ಬಿಟ್ಟು ಅರ್ಧ ಮತ್ತು ಅದಕ್ಕೂ ಮೇಲಿನದನ್ನು ಮುಂದಿನ ಅಂಕಿಗೆ ಏರಿಸುವ ಶಾಲಾ ಪದ್ಧತಿಯನ್ನು ಅದು ಅನುಸರಿಸಿತು. ಶಾಲೆಯಲ್ಲಿ ಅದು ನ್ಯಾಯವಾದ ಪದ್ಧತಿ. ಇನ್ನೊಬ್ಬರ ಹಣ ಕಾಯುವಲ್ಲಿ ಅದು ಯಾವಾಗಲೂ ನ್ಯಾಯವೆನ್ನಲಾಗದು ಎಂಬುದು ಮುಂದೆ ಗೊತ್ತಾಗಲಿದೆ.

ಮೀಟರ್ ಓಡುತ್ತಲೇ ಇರುತ್ತದೆ

ಈ ಯಂತ್ರದಲ್ಲಿ ಯಾವುದೂ ಪುಕ್ಕಟೆಯಲ್ಲ. ಆಟೋರಿಕ್ಷಾ ಮೀಟರಿನಂತೆ ಪ್ರತಿಯೊಂದು ಹೆಜ್ಜೆಗೂ ದರವಿದ್ದು, ಅದರ ಘಟಕಕ್ಕೆ ‘ಗ್ಯಾಸ್’ ಎಂದು ಹೆಸರು. ಕೂಡುವುದಕ್ಕೆ 3 ಗ್ಯಾಸ್, ಗುಣಿಸುವುದಕ್ಕೂ ಭಾಗಿಸುವುದಕ್ಕೂ ತಲಾ 5. ವಹಿವಾಟೊಂದನ್ನು ಜಾಲಕ್ಕೆ ಒಪ್ಪಿಸುವುದಕ್ಕೇ 21,000. ಆದರೆ ಹೊಸ ಮಾಹಿತಿಯೊಂದನ್ನು ಶಾಶ್ವತ ದಾಸ್ತಾನಿನಲ್ಲಿ ಬರೆಯಬೇಕಾದರೆ 20,000ಕ್ಕೂ ಹೆಚ್ಚು ಗ್ಯಾಸ್ ಬೇಕು.

ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ದಾಸ್ತಾನಿನಲ್ಲಿ ಒಂದು ಬರಹಕ್ಕೆ ತಗಲುವ ವೆಚ್ಚದಲ್ಲಿ 4,000 ಗುಣಾಕಾರ ಮಾಡಬಹುದು! ಹೀಗಿರುವಾಗ ಉಳಿತಾಯದ ಮೊದಲ ಜಾಗ ದಾಸ್ತಾನೇ ಹೊರತು ಗಣಿತವಲ್ಲ. ಎರಡು ಸಣ್ಣ ಸಂಖ್ಯೆಗಳನ್ನು ಒಂದೇ ಕೋಣೆಯಲ್ಲಿ ಇಡುವುದು, ಒಮ್ಮೆ ಓದಿದ್ದನ್ನು ಮತ್ತೆ ಓದದಿರುವುದು ಇವೆಲ್ಲ ಅಪಾಯ ಕಡಿಮೆ, ಲಾಭ ಹೆಚ್ಚು ಇರುವ ಕೆಲಸಗಳು. ಆದರೂ ಗಣಿತ ಲೈಬ್ರರಿಗಳ ಮೇಲೆ ಎಂಜಿನಿಯರುಗಳ ಕಣ್ಣು ಬೀಳಲು ಕಾರಣವಿದೆ. ಒಂದೇ ವಿನಿಮಯದಲ್ಲಿ ಅವು ಹತ್ತಾರು ಬಾರಿ ಓಡುತ್ತವೆ, ಒಂದೇ ಲೈಬ್ರರಿಯನ್ನು ನೂರಾರು ಯೋಜನೆಗಳು ಬಳಸುತ್ತವೆ. 2018ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಥ್‌ಇಂಡಿಯಾದಂಥ ತಂತ್ರಾಂಶ ರಚನಾ ಸ್ಪರ್ಧೆಗಳಲ್ಲಿ ಯುವಕರು ಒಂದೆರಡು ದಿನಗಳಲ್ಲಿ ಕಾಂಟ್ರಾಕ್ಟ್ ಕಟ್ಟಿ ನಿಲ್ಲಿಸಲು ಸಾಧ್ಯವಾಗುವುದು ಇಂಥ ಸಿದ್ಧ ಸಾಮಗ್ರಿ ಕೈಗೆ ಸಿಗುವುದರಿಂದಲೇ.

ಮರುಜೋಡಣೆಯ ಜಾಣ್ಮೆ

ತಂತ್ರಾಂಶದ ಉತ್ತರ ಬದಲಾಗದಂತೆ ಅದರ ಒಳರಚನೆಯನ್ನು ಮಾತ್ರ ಬದಲಿಸುವುದಕ್ಕೆ ರಿಫ್ಯಾಕ್ಟರಿಂಗ್ ಎನ್ನುತ್ತಾರೆ. ಮನೆಯವರು ವಾಸವಿರುವಾಗಲೇ ಗೋಡೆ ಒಡೆದು ಕಟ್ಟಿದ ಹಾಗೆ. ಇದರಲ್ಲಿ ನಿಜಕ್ಕೂ ಮೆಚ್ಚಬೇಕಾದ ಕೆಲಸಗಳು ನಡೆದಿವೆ.

ಒಂದು ಉದಾಹರಣೆ ನೋಡೋಣ. ಎರಡು ದೊಡ್ಡ ಸಂಖ್ಯೆಗಳನ್ನು ಗುಣಿಸಿ ಮೂರನೆಯದರಿಂದ ಭಾಗಿಸಬೇಕು. ಅಂತಿಮ ಉತ್ತರ 256 ಬಿಟ್‌ಗಳಲ್ಲಿ ಹಿಡಿಯುತ್ತದೆ, ಆದರೆ ನಡುವಿನ ಗುಣಲಬ್ಧ ಹಿಡಿಯುವುದಿಲ್ಲ. ಮೇಲಿನ ಅರ್ಧ ಉಕ್ಕಿ ಚೆಲ್ಲಿಹೋಗುತ್ತದೆ. ಚೆಲ್ಲಿದ್ದನ್ನು ಮರಳಿ ಪಡೆಯುವುದು ಹೇಗೆ? ಎರಡೇ ಅಂಕಿ ಬರೆಯಬಲ್ಲ ಯಂತ್ರವೊಂದಿದೆ ಎನ್ನಿ. 87ನ್ನು 96ರಿಂದ ಗುಣಿಸಿದರೆ 8352. ಯಂತ್ರದಲ್ಲಿ ಉಳಿಯುವುದು 52 ಮಾತ್ರ. ಅದೇ ಗುಣಲಬ್ಧವನ್ನು 99ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನೂ ಯಂತ್ರ ಹೇಳಬಲ್ಲುದಾದರೆ ಅದು 36. ಈ 36ರಿಂದ 52ನ್ನು ಕಳೆಯಿರಿ, ಸಾಲದಿದ್ದರೆ 99 ಸೇರಿಸಿ: 83. ಕಳೆದುಹೋದ ಮೇಲಿನ ಅರ್ಧ ಸಿಕ್ಕಿತು! ಗುಣಾಕಾರವನ್ನು ತಾಳೆ ನೋಡಲು ಅಂಕಿಗಳನ್ನು ಕೂಡಿಸಿ ಒಂಬತ್ತು ಕಳೆಯುತ್ತಿದ್ದ ಹಳೆಯ ಉಪಾಯದ ಹಿಂದಿರುವ ತತ್ತ್ವವೇ ಇದು.

ಇದೇ ತತ್ತ್ವವನ್ನು 256 ಬಿಟ್‌ಗಳಿಗೆ ಅನ್ವಯಿಸಿ ರೆಮ್ಕೋ ಬ್ಲೂಮೆನ್ ಎಂಬ ಗಣಿತಾಸಕ್ತ ಎಂಜಿನಿಯರ್ ರಚಿಸಿದ ಕ್ರಮವನ್ನು ‘ಮುಲ್‌ಡಿವ್’ ಎಂಬ ಹೆಸರಿನಲ್ಲಿ 2021ರ ಮೇ ತಿಂಗಳಲ್ಲಿ ಆರಂಭವಾದ ಯೂನಿಸ್ವ್ಯಾಪ್‌ನ ಮೂರನೇ ಆವೃತ್ತಿ ಬಳಸಿತು. ಶೇಷ ಸಮೇತ ಗುಣಿಸುವ ಆಜ್ಞೆಗೆ ಯಂತ್ರ ವಿಧಿಸುವುದು 8 ಗ್ಯಾಸ್ ಮಾತ್ರ. ಪಿಆರ್‌ಬಿ-ಮ್ಯಾತ್ ಎಂಬ ಲೈಬ್ರರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದಶಮಾಂಶ ಲೆಕ್ಕದಲ್ಲಿ ಭಾಜಕ ಯಾವಾಗಲೂ 10ರ 18ನೇ ಘಾತವೇ ಆಗಿರುವುದರಿಂದ ಅದನ್ನು 2ರ ಮತ್ತು 5ರ 18ನೇ ಘಾತಗಳಾಗಿ ಒಡೆಯಬಹುದು. 2ರಿಂದ ಭಾಗಿಸುವುದೆಂದರೆ ಬಿಟ್‌ಗಳನ್ನು ಬಲಕ್ಕೆ ಸರಿಸುವುದಷ್ಟೆ. 5ರ ಪಾಲಿಗೆ ಬೇಕಾದ ವಿಲೋಮ ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಿ ಬರೆದಿಟ್ಟುಕೊಂಡರಾಯಿತು. ಪ್ರತಿ ಬಾರಿ ಮಾಡುತ್ತಿದ್ದ ಕೆಲಸ ಒಮ್ಮೆಗೇ ಮುಗಿಯಿತು.

ಚಕ್ರಬಡ್ಡಿಯ ಲೆಕ್ಕದಲ್ಲೂ ಹೀಗೆಯೇ. ಕೆಲವು ಸಾಲ ವ್ಯವಸ್ಥೆಗಳಲ್ಲಿ ಬಡ್ಡಿ ಪ್ರತಿ ಸೆಕೆಂಡಿಗೂ ಬೆಳೆಯುತ್ತದೆ. ವರ್ಷಕ್ಕೆ 3,15,36,000 ಸೆಕೆಂಡು. ಅಷ್ಟು ಬಾರಿ ಗುಣಿಸುವ ಬದಲು ಸುಮಾರು 25 ಬಾರಿ ವರ್ಗ ಮಾಡುತ್ತ, ಬೇಕಾದೆಡೆ ಗುಣಿಸುತ್ತ ಹೋದರೆ ಅದೇ ಉತ್ತರ ದೊರೆಯುತ್ತದೆ. ಇದು ಉಳಿತಾಯವೆನ್ನುವುದಕ್ಕಿಂತ ಅನಿವಾರ್ಯ. ಇಲ್ಲದಿದ್ದರೆ ಆ ಲೆಕ್ಕ ಮುಗಿಯುವಂಥದ್ದೇ ಅಲ್ಲ.

ಕಾವಲು ತೆಗೆದು ಉಳಿಸಿದ ಕಾಸು

ಇನ್ನೊಂದು ಬಗೆಯ ಉಳಿತಾಯವಿದೆ. ಆತಂಕ ಇರುವುದು ಅದರಲ್ಲಿ. 256 ಬಿಟ್‌ಗಳ ಮಿತಿ ಮೀರಿದರೆ ಯಂತ್ರ ಎಚ್ಚರಿಸುವುದಿಲ್ಲ. ಹಳೆಯ ಕಾರಿನ ಮೈಲಿ ಮಾಪಕದಂತೆ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಇದನ್ನು ತಡೆಯಲು ಬಂದ ಸೇಫ್‌ಮ್ಯಾತ್ ಲೈಬ್ರರಿ ಪ್ರತಿ ಗುಣಾಕಾರದ ನಂತರವೂ ತಿರುಗಿ ಭಾಗಿಸಿ ತಾಳೆ ನೋಡುತ್ತಿತ್ತು. ಅದರಲ್ಲೂ ಮೊದಲ ಸಂಖ್ಯೆ ಸೊನ್ನೆಯಾಗಿದ್ದರೆ ತಾಳೆ ನೋಡದೆ ಹಿಂದಿರುಗುವ ಒಂದು ಮಿತವ್ಯಯದ ಸಾಲು ಇತ್ತು. ಅದು ಸರಿಯಾದ ಮಿತವ್ಯಯ; ಸೊನ್ನೆಯಿಂದ ಗುಣಿಸಿದ್ದು ಎಂದೂ ಉಕ್ಕುವುದಿಲ್ಲ.

2018ರ ಏಪ್ರಿಲ್ 22ರಂದು ಬ್ಯೂಟಿಚೈನ್ ಎಂಬ ನಾಣ್ಯದ ಕಾಂಟ್ರಾಕ್ಟ್‌ನಲ್ಲಿ ನಡೆದದ್ದೇ ಬೇರೆ. ಹಲವರಿಗೆ ಒಟ್ಟಿಗೆ ಹಣ ಕಳಿಸುವ ಆಜ್ಞೆಯಲ್ಲಿ ಸುತ್ತಮುತ್ತಲ ಸಾಲುಗಳೆಲ್ಲ ಸೇಫ್‌ಮ್ಯಾತ್ ಬಳಸಿದ್ದವು. ಒಂದು ಗುಣಾಕಾರ ಮಾತ್ರ ಹಾಗೇ ಉಳಿದಿತ್ತು. ದಾಳಿಕೋರ ಇಬ್ಬರಿಗೆ ತಲಾ 2ರ 255ನೇ ಘಾತದಷ್ಟು ನಾಣ್ಯ ಕಳಿಸಲು ಹೇಳಿದ. ಎರಡರಿಂದ ಗುಣಿಸಿದಾಗ ಮೊತ್ತ 2ರ 256ನೇ ಘಾತವಾಯಿತು, ಅಂದರೆ ಯಂತ್ರದ ಪಾಲಿಗೆ ಸೊನ್ನೆ. ಖಾತೆಯಲ್ಲಿ ಸೊನ್ನೆ ನಾಣ್ಯವಿದ್ದರೆ ಸಾಕಲ್ಲ! ವಹಿವಾಟು ಸಲೀಸಾಗಿ ನಡೆದು, ಇಲ್ಲದ ನಾಣ್ಯಗಳು ರಾಶಿ ರಾಶಿಯಾಗಿ ಹುಟ್ಟಿಕೊಂಡವು. ಒಕೆಎಕ್ಸ್ ವಿನಿಮಯ ಕೇಂದ್ರ ಆ ನಾಣ್ಯದ ವಹಿವಾಟನ್ನೇ ನಿಲ್ಲಿಸಬೇಕಾಯಿತು.

2020ರ ಡಿಸೆಂಬರಿನಲ್ಲಿ ಬಂದ ಸಾಲಿಡಿಟಿ ಭಾಷೆಯ 0.8 ಆವೃತ್ತಿ ಈ ಕಾವಲನ್ನು ಭಾಷೆಯೊಳಗೇ ಸೇರಿಸಿತು. ಜೊತೆಗೆ ಬೇಡವೆಂದವರಿಗೆ ಕಾವಲು ತೆಗೆಯುವ ‘ಅನ್‌ಚೆಕ್ಡ್’ ಎಂಬ ಸೌಲಭ್ಯವನ್ನೂ ಕೊಟ್ಟಿತು. ಸುತ್ತು ಎಣಿಸುವಂಥ ಕಡೆ ಅದು ನಿರಪಾಯಕಾರಿ. ಹಣದ ಮೊತ್ತದ ಮೇಲೆ ಪ್ರಯೋಗಿಸುವಾಗ, ಮಿತಿ ಮೀರುವುದು ಅಸಾಧ್ಯವೆಂದು ಕಾಗದದ ಮೇಲೆ ಸಾಧಿಸಿ ತೋರಿಸಿದ ನಂತರವೇ ಮುಟ್ಟಬೇಕು. ಆದರೆ ಎಷ್ಟೋ ಲೈಬ್ರರಿಗಳಲ್ಲಿ ಕಾಣುವುದು ಸಾಧನೆಯಲ್ಲ, ಭರವಸೆ.

ಲಾಭವಾದರೂ ಎಷ್ಟು? 200 ಗ್ಯಾಸ್ ಉಳಿಯಿತು ಎನ್ನೋಣ. ಗ್ಯಾಸ್ ದರ ಈಥರ್‌ನ ಶತಕೋಟಿಯ 100 ಭಾಗ, ಈಥರ್ ಬೆಲೆ 4,000 ಡಾಲರ್ ಎಂದು ಹಿಡಿದರೂ ಉಳಿತಾಯ 8 ಸೆಂಟ್.

ಕಾವಲು ಇದ್ದರೆ ಮಾತ್ರ ಸಾಲದು, ಅದು ಸರಿಯಾಗಿಯೂ ಇರಬೇಕು ಎಂಬುದನ್ನು ಸುಯಿ ಎಂಬ ಬೇರೊಂದು ಜಾಲದ ಸೀಟಸ್ ವಿನಿಮಯ ಕೇಂದ್ರ ಕಲಿಯಿತು. ಅದು ನೆಚ್ಚಿಕೊಂಡಿದ್ದ ಗಣಿತ ಲೈಬ್ರರಿಯಲ್ಲಿ ಸಂಖ್ಯೆಯೊಂದನ್ನು 64 ಬಿಟ್ ಎಡಕ್ಕೆ ಸರಿಸುವ ಮೊದಲು, ಅದು 2ರ 192ನೇ ಘಾತಕ್ಕಿಂತ ಕಡಿಮೆಯಿದೆಯೇ ಎಂದು ನೋಡಬೇಕಿತ್ತು. ಬದಲಿಗೆ ಹೆಚ್ಚುಕಡಿಮೆ ಯಂತ್ರದ ಗರಿಷ್ಠ ಮಿತಿಯಷ್ಟೇ ದೊಡ್ಡದಾದ ಇನ್ನೊಂದು ಸಂಖ್ಯೆಗೆ ಅದನ್ನು ಹೋಲಿಸಲಾಗುತ್ತಿತ್ತು. ಅಗಳಿ ಇತ್ತು, ಬಾಗಿಲಿಗೆ ತಾಗುತ್ತಿರಲಿಲ್ಲ. 2025ರ ಮೇ 22ರಂದು ಒಂದೇ ಒಂದು ಚೂರು ನಾಣ್ಯ ಠೇವಣಿ ಇಟ್ಟು ಅಪಾರ ಠೇವಣಿ ಇಟ್ಟವನ ಹಕ್ಕು ಪಡೆದ ದಾಳಿಕೋರ ಸುಮಾರು 22.3 ಕೋಟಿ ಡಾಲರ್ ಮೌಲ್ಯದ ಆಸ್ತಿ ಎತ್ತಿದ. ಅದರಲ್ಲಿ ಸುಮಾರು 16.2 ಕೋಟಿ ಡಾಲರಿನಷ್ಟನ್ನು ಜಾಲದ ನಿರ್ವಾಹಕರು ತಡೆಹಿಡಿಯಲು ಸಾಧ್ಯವಾಯಿತು.

‘ಪರಿಣಾಮ ಅತ್ಯಲ್ಪ’

ಈಗ ಬ್ಯಾಲೆನ್ಸರ್‌ಗೆ ಮರಳೋಣ. ಅದರ ಎರಡನೇ ಆವೃತ್ತಿ 2021ರಿಂದ ನಡೆಯುತ್ತಿತ್ತು, ತಜ್ಞರ ಪರಿಶೀಲನೆಗೆ ಹಲವು ಬಾರಿ ಒಳಗಾಗಿತ್ತು. ಹೆಚ್ಚುಕಡಿಮೆ ಸಮಾನ ಬೆಲೆಯ ನಾಣ್ಯಗಳನ್ನು ಕೂಡಿಹಾಕಿದ ಠೇವಣಿ ನಿಧಿಗಳು, ಅಂದರೆ ಪೂಲ್‌ಗಳು, ಅಲ್ಲಿದ್ದವು. ನಾಣ್ಯಗಳ ಅಳತೆ ಬೇರೆ ಬೇರೆಯಾದುದರಿಂದ ಲೆಕ್ಕಕ್ಕೆ ಮುನ್ನ ಎಲ್ಲ ಮೊತ್ತಗಳನ್ನೂ ಒಂದೇ ಅಳತೆಗೆ ಗುಣಿಸಿ ತರಲಾಗುತ್ತಿತ್ತು. ಆ ಗುಣಾಕಾರ ಯಾವಾಗಲೂ ಶೇಷವನ್ನು ಬಿಟ್ಟು ಕೆಳಕ್ಕೇ ಇಳಿಸುತ್ತಿತ್ತು. ಕೆಲವೆಡೆ ಮೇಲಕ್ಕೆ, ಕೆಲವೆಡೆ ಕೆಳಕ್ಕೆ ಹೋಗಬೇಕೆಂಬುದು ಬರೆದವರಿಗೆ ಗೊತ್ತಿರಲಿಲ್ಲವೆಂದಲ್ಲ. ಎಲ್ಲವನ್ನೂ ಒಂದೇ ದಿಕ್ಕಿಗೆ ಇಳಿಸುತ್ತಿದ್ದೇವೆ, ಇದರ ಪರಿಣಾಮ ಅತ್ಯಲ್ಪವೆಂದು ನಿರೀಕ್ಷಿಸುತ್ತೇವೆ ಎಂಬ ಅರ್ಥದ ಟಿಪ್ಪಣಿ ಆ ತಂತ್ರಾಂಶದಲ್ಲೇ ಇತ್ತು.

ಗಿರಾಕಿ ‘ನನಗೆ ಇಷ್ಟೇ ನಾಣ್ಯ ಬೇಕು, ಅದಕ್ಕೆಷ್ಟು ಕೊಡಲಿ’ ಎಂದು ಕೇಳಿದಾಗ, ಹೊರಹೋಗುವ ಮೊತ್ತವನ್ನು ಕೆಳಕ್ಕಿಳಿಸಿದರೆ ಪೂಲ್ ತಾನು ಕೊಡುತ್ತಿರುವುದು ಕಡಿಮೆ ಎಂದು ಭಾವಿಸಿ ಕಡಿಮೆಯನ್ನೇ ಕೇಳುತ್ತದೆ. ಸಾಮಾನ್ಯ ಮೊತ್ತದಲ್ಲಿ ಈ ವ್ಯತ್ಯಾಸ ಹದಿನೆಂಟನೆಯ ದಶಮಾಂಶದಲ್ಲಿ ಅಡಗಿರುತ್ತದೆ. ಆದರೆ ದಾಳಿಕೋರ ಮೊದಲು ಪೂಲ್‌ನಲ್ಲಿದ್ದ ಒಂದು ನಾಣ್ಯದ ಶಿಲ್ಕನ್ನು ಎಂಟೊಂಬತ್ತು ವೇಗಳಿಗೆ ಇಳಿಸಿದ. ಆ ಮಟ್ಟದಲ್ಲಿ 8.9 ಎಂಬುದು 8 ಆದರೆ ಹತ್ತನೇ ಒಂದು ಭಾಗವೇ ಹೋದಂತೆ. ಆಣೆಯ ಸಾಮಾನನ್ನು ಬಿಡಿಬಿಡಿಯಾಗಿ ಕೊಂಡ ಗಿರಾಕಿಯ ಉಪಾಯವೇ ಇದು. ಒಂದೇ ವಹಿವಾಟಿನೊಳಗೆ ಹಲವು ಸುತ್ತು. ಸುತ್ತು ಕಳೆದಂತೆ ಪೂಲ್‌ನ ಪಾಲುಪತ್ರದ ಬೆಲೆ ಲೆಕ್ಕದಲ್ಲಿ ಕುಸಿಯಿತು. ಅದನ್ನು ಅಗ್ಗಕ್ಕೆ ಕೊಂಡು ಪೂರ್ತಿ ಬೆಲೆಗೆ ನಗದು ಮಾಡಿಕೊಂಡದ್ದೇ ದಾಳಿ.

ಕೆಳಕ್ಕಿಳಿಸುವ ಬದಲು ಮೇಲಕ್ಕೇರಿಸಲು ಬೇಕಾದದ್ದೇನು? ಶೇಷ ಇದೆಯೇ ಎಂದು ನೋಡಲು 5 ಗ್ಯಾಸ್, ಹೋಲಿಸಲು 3, ಒಂದು ಕೂಡಿಸಲು 3. ಒಟ್ಟು 11, ಜೊತೆಗೆ ಸಣ್ಣಪುಟ್ಟ ಚಿಲ್ಲರೆ. ಮೇಲಿನ ದರದಲ್ಲೇ ಲೆಕ್ಕ ಹಾಕಿದರೆ ಈ 11 ಗ್ಯಾಸ್‌ಗೆ ಅರ್ಧ ಸೆಂಟೂ ಆಗುವುದಿಲ್ಲ.

ತಾಳೆ ನೋಡುವ ಬಗೆ

ಹಾಗಾದರೆ ಇಂಥ ಲೈಬ್ರರಿಯನ್ನು ಮುಟ್ಟಲೇಬಾರದೇ? ಮುಟ್ಟಬಹುದು, ಆದರೆ ಹಳೆಯದನ್ನು ಎಸೆಯದೆ. ಹಳೆಯ ಆವೃತ್ತಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಎರಡಕ್ಕೂ ಲಕ್ಷಾಂತರ ಯಾದೃಚ್ಛಿಕ ಸಂಖ್ಯೆಗಳನ್ನು ಉಣಿಸಿ ಉತ್ತರ ಹೋಲಿಸುವುದು ಈಗ ರೂಢಿಯಲ್ಲಿದೆ. ಫೌಂಡ್ರಿ, ಎಕಿಡ್ನಾ ಮೊದಲಾದ ಸಾಧನಗಳು ಅದಕ್ಕೆಂದೇ ಇವೆ. ಇಲ್ಲೂ ಒಂದು ಎಚ್ಚರಿಕೆ ಅಗತ್ಯ. 78 ಅಂಕಿಗಳವರೆಗಿನ ಸಂಖ್ಯೆಗಳ ಸಾಗರದಲ್ಲಿ ಕಣ್ಣುಮುಚ್ಚಿ ಕೈಹಾಕಿದರೆ 8 ಅಥವಾ 9 ಸಿಗುವ ಸಂಭವ ಇಲ್ಲವೆಂದೇ ಹೇಳಬೇಕು. ಸೊನ್ನೆ, ಒಂದು, ಭಾಜಕಕ್ಕಿಂತ ಒಂದು ಕಡಿಮೆ, ಗರಿಷ್ಠ ಮಿತಿ ಇಂಥ ಅಂಚಿನ ಸಂಖ್ಯೆಗಳನ್ನು ಮನುಷ್ಯರೇ ಆಯ್ದು ಕೊಡಬೇಕು. ಒಂದು ಸುತ್ತಲ್ಲ, ಸುತ್ತಿನ ಮೇಲೆ ಸುತ್ತು ಓಡಿಸಿ ಪೂಲ್‌ನ ಶಿಲ್ಕು ಕರಗುತ್ತಿದೆಯೇ ಎಂದು ನೋಡಬೇಕು.

ಶೇಷ ಯಾರ ಪಾಲಿಗೆ ಎಂಬುದನ್ನು ಹೆಸರಿನಲ್ಲೇ ಹೇಳಿಬಿಡುವುದು ಇನ್ನೊಂದು ಒಳ್ಳೆಯ ಪದ್ಧತಿ. ಬರಿಯ ‘ಗುಣಿಸು’ ಎಂಬ ಆಜ್ಞೆಯ ಬದಲು ‘ಗುಣಿಸಿ ಇಳಿಸು’, ‘ಗುಣಿಸಿ ಏರಿಸು’ ಎಂಬ ಎರಡು ಆಜ್ಞೆಗಳಿದ್ದರೆ ಬರೆಯುವವನು ಪ್ರತಿ ಬಾರಿಯೂ ಯೋಚಿಸಲೇಬೇಕು. ಠೇವಣಿ ನಿಧಿಗಳಿಗಾಗಿ ರೂಪುಗೊಂಡ ಇಆರ್‌ಸಿ-4626 ಮಾನದಂಡವು ನಿಧಿಯಿಂದ ಕೊಡುವಾಗ ಕೆಳಕ್ಕೆ, ನಿಧಿಗೆ ಪಡೆಯುವಾಗ ಮೇಲಕ್ಕೆ ಎಂದು ದಿಕ್ಕನ್ನೇ ನಿಗದಿಪಡಿಸಿದೆ. ಇಬ್ಬರಲ್ಲಿ ಒಬ್ಬರು ಒಂದು ವೇ ಕಳೆದುಕೊಳ್ಳಲೇಬೇಕಾದರೆ ಅದು ಆಗ ತಾನೇ ಬಾಗಿಲಿಗೆ ಬಂದು ನಿಂತವನದಾಗಿರಲಿ, ಒಳಗೆ ಹಣ ಇಟ್ಟು ನೆಮ್ಮದಿಯಾಗಿ ಮಲಗಿದವರದಲ್ಲ ಎಂಬುದು ಇದರ ತಾತ್ಪರ್ಯ. ಬ್ಯಾಲೆನ್ಸರ್‌ನಲ್ಲೂ ಇಳಿಸುವ, ಏರಿಸುವ ಎರಡೂ ಆಜ್ಞೆಗಳು ಇದ್ದವು; ಅಳತೆ ಹೊಂದಿಸುವ ಆ ಒಂದು ಜಾಗದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಆಜ್ಞೆ ಬಳಕೆಯಾಗಿತ್ತು.

ತಪ್ಪು ಗೊತ್ತಾದ ಮೇಲಾದರೂ ತಿದ್ದಬಹುದಲ್ಲ ಎಂದು ಓದುಗರು ಕೇಳಬಹುದು. ಸಾಮಾನ್ಯ ತಂತ್ರಾಂಶಕ್ಕೆ ರಾತ್ರೋರಾತ್ರಿ ತೇಪೆ ಹಚ್ಚುವಂತೆ, ಬ್ಲಾಕ್‌ಚೈನ್ ಮೇಲೆ ಒಮ್ಮೆ ಇರಿಸಿದ ಕಾಂಟ್ರಾಕ್ಟ್‌ಗೆ ಸುಲಭವಾಗಿ ಹಚ್ಚಲಾಗದು. ಯಾರೂ ಅಡ್ಡಿಪಡಿಸಲಾಗದು ಎಂಬುದೇ ಅದರ ಮೇಲಿನ ನಂಬಿಕೆಗೆ ಆಧಾರ. ಬ್ಯಾಲೆನ್ಸರ್ ತನ್ನ ಪೂಲ್‌ಗಳನ್ನು ತುರ್ತು ಸಂದರ್ಭದಲ್ಲಿ ಸ್ಥಗಿತಗೊಳಿಸುವ ಅಧಿಕಾರವನ್ನು ಸೀಮಿತ ಅವಧಿಗೆ ಮಾತ್ರ ಇರಿಸಿಕೊಂಡಿತ್ತು. ನವೆಂಬರ್ 3ರಂದು ಹೊಸ ಪೂಲ್‌ಗಳನ್ನು ನಿಲ್ಲಿಸಲು ಸಾಧ್ಯವಾಯಿತು. ಅವಧಿ ಮುಗಿದಿದ್ದ ಹಳೆಯ ಪೂಲ್‌ಗಳು, ಬರೆದಿಟ್ಟ ನಿಯಮದಂತೆ, ಕೇಳಿದವರಿಗೆಲ್ಲ ಲೆಕ್ಕ ಒಪ್ಪಿಸುತ್ತಲೇ ಇದ್ದವು.